ಮದುವೆಯ ಹೊಸತರಲ್ಲಿ ಉರಿಮೂತ್ರ: ತಡೆಯುವುದು ಹೇಗೆ?

ಮದುವೆಯಾಗಿ ವಾರ ಕಳೆದಿರುವುದಿಲ್ಲ, ಉರಿಮೂತ್ರ ಶುರು. ಮನೆಯಲ್ಲಿ ಹೇಳಿದರೆ ‘ಉಷ್ಣ ಆಗಿರ್ಬೇಕು, ಎಳನೀರು ಕುಡಿ’ ಅನ್ನುತ್ತಾರೆ. ಗಂಡನ ಹತ್ತಿರ ಹೇಳಲು ನಾಚಿಕೆ. ಆದರೆ ಇದು ಉಷ್ಣವಲ್ಲ, ಮೂತ್ರದ ಸೋಂಕು. ಹೆಚ್ಚಿನ ಸಲ ಕಾರಣ ನಮ್ಮ ಕರುಳಲ್ಲೇ ಇರುವ ಇ. ಕೋಲೈ ಬ್ಯಾಕ್ಟೀರಿಯಾ. ಮಲದ್ವಾರದ ಸುತ್ತ ಇರುವ ಇದು ಮಿಲನದ ವೇಳೆ ಮೂತ್ರದ್ವಾರಕ್ಕೆ ತಗಲುತ್ತದೆ. ಹೆಂಗಸರ ಮೂತ್ರನಾಳ ಬರೀ 4 ಸೆಂ.ಮೀ. ಉದ್ದ, ಗಂಡಸರದ್ದು ಸುಮಾರು 20. ಮೂತ್ರಕೋಶ ಇಷ್ಟು ಹತ್ತಿರ ಇರುವುದರಿಂದಲೇ ಹೆಂಗಸರಿಗೆ ಕಾಟ ಜಾಸ್ತಿ. ಯಾರ ನಡತೆಗೂ ಇದಕ್ಕೂ ಸಂಬಂಧವಿಲ್ಲ.

ಮಿಲನಕ್ಕೆ ಮೊದಲು ಇಬ್ಬರೂ ಕೈ ಮತ್ತು ಗುಪ್ತಾಂಗ ತೊಳೆದುಕೊಳ್ಳಿ. ಹೊರಭಾಗಕ್ಕೆ ಬರೀ ನೀರು ಸಾಕು. ಯೋನಿಯ ಒಳಗೆ ಸೋಪು, ಡೆಟಾಲ್, ಪರಿಮಳದ ವಾಶ್ ಯಾವುದೂ ಬೇಡ. ಅಲ್ಲಿ ನಮ್ಮನ್ನು ಕಾಯುವ ಒಳ್ಳೆಯ ಬ್ಯಾಕ್ಟೀರಿಯಾಗಳಿವೆ.

ಅವಸರ ಮಾಡಬೇಡಿ. ಯೋನಿ ಒಣಗಿದ್ದಾಗ ಉಜ್ಜಿದರೆ ಚರ್ಮ ತರಚಿ ಉರಿಯುತ್ತದೆ. ಹೆಂಡತಿ ‘ನೋಯ್ತಿದೆ’ ಅಂದರೆ ಅಲ್ಲಿಗೆ ನಿಲ್ಲಿಸಬೇಕು. ಬೇಕಿದ್ದರೆ ಮೆಡಿಕಲ್ ಶಾಪಿನಲ್ಲಿ ಸಿಗುವ ನೀರಿನ ಬೇಸ್‌ನ ಲೂಬ್ರಿಕೆಂಟ್ (ಜಾರುವಂತೆ ಮಾಡುವ ಜೆಲ್) ತನ್ನಿ. ಕಾಂಡೋಮ್ ಜೊತೆ ಕೊಬ್ಬರಿ ಎಣ್ಣೆ, ವ್ಯಾಸಲಿನ್ ಹಚ್ಚಬೇಡಿ, ಕಾಂಡೋಮ್‌ನ ರಬ್ಬರ್ (ಲ್ಯಾಟೆಕ್ಸ್) ಹರಿಯುತ್ತದೆ. ವೀರ್ಯಾಣು ಕೊಲ್ಲುವ ರಾಸಾಯನಿಕ ಹಚ್ಚಿದ ಕಾಂಡೋಮ್‌ನಿಂದ ಸೋಂಕು ಹೆಚ್ಚಬಹುದು. ಅದಿಲ್ಲದ್ದನ್ನು ಕೇಳಿ ತನ್ನಿ. ಗುದದ್ವಾರದಿಂದ ಯೋನಿಗೆ ಬರುವಾಗ ಕಾಂಡೋಮ್ ಬದಲಿಸಲೇಬೇಕು.

ಮಿಲನ ಆದಮೇಲೆ ಎದ್ದು ಮೂತ್ರಕ್ಕೆ ಹೋಗಿ ಬನ್ನಿ. ಹೇಳಲು ಸುಲಭ, ಅಲ್ವಾ? ನಡುಮನೆಯಲ್ಲಿ ಅತ್ತೆ ಮಾವ ಮಲಗಿರುತ್ತಾರೆ, ಬಚ್ಚಲು ಹಿತ್ತಿಲಲ್ಲಿದೆ, ಬಾಗಿಲು ಕಿರ್ ಎನ್ನುತ್ತದೆ. ಹೊಸ ಸೊಸೆ ಬೆಳಗಿನವರೆಗೂ ತಡೆದುಕೊಂಡು ಮಲಗುತ್ತಾಳೆ. ಇಲ್ಲಿ ಗಂಡನ ಕೆಲಸವಿದೆ. ‘ಬಾ, ನಾನೂ ಬರ್ತೀನಿ’ ಅಂತ ದೀಪ ಹಾಕಿ ಜೊತೆಗೆ ಹೋಗಲಿ. ತೊಳೆಯುವಾಗ ಕೈ ಮುಂದಿನಿಂದ ಹಿಂದಕ್ಕೆ ಹೋಗಬೇಕು.

ಹಗಲಲ್ಲಿ ನೀರು ಕುಡಿಯಿರಿ. ಪದೇ ಪದೇ ಸೋಂಕಾಗುತ್ತಿದ್ದ, ನೀರು ಕಡಿಮೆ ಕುಡಿಯುತ್ತಿದ್ದ 140 ಹೆಂಗಸರ ಮೇಲೆ ನಡೆದ ಅಧ್ಯಯನವೊಂದು 2018ರಲ್ಲಿ ಪ್ರಕಟವಾಯಿತು. ದಿನಕ್ಕೆ ಒಂದೂವರೆ ಲೀಟರ್ ಹೆಚ್ಚಿಗೆ ಕುಡಿದವರಲ್ಲಿ ಸೋಂಕು ಹತ್ತಿರ ಹತ್ತಿರ ಅರ್ಧಕ್ಕೆ ಇಳಿದಿತ್ತು. ಎಳನೀರು, ಬಾರ್ಲಿ ನೀರು ಕುಡಿದರೆ ತಪ್ಪಿಲ್ಲ, ಆದರೆ ಬಂದ ಸೋಂಕಿಗೆ ಅವು ಔಷಧಿಯಲ್ಲ.

ಉರಿ ಶುರುವಾದರೆ ಡಾಕ್ಟರ ಹತ್ತಿರ ಹೋಗಿ, ವಾಸಿಯಾಗುವವರೆಗೆ ಮಿಲನ ಬೇಡ. ಚಳಿಜ್ವರ, ಪಕ್ಕೆನೋವು, ವಾಂತಿ ಇದ್ದರೆ ಸೋಂಕು ಕಿಡ್ನಿಗೆ ಏರಿರಬಹುದು, ಅವತ್ತೇ ಹೋಗಿ. ಗರ್ಭಿಣಿಯರೂ ಅಷ್ಟೇ, ಒಂದು ದಿನವೂ ಕಾಯಬಾರದು. ತುರಿಕೆ, ವಾಸನೆಯ ಬಿಳಿಸೆರಗು, ಹುಣ್ಣು ಇದ್ದರೆ ಅದು ಬೇರೆ ಕಾಯಿಲೆ ಇರಬಹುದು, ಆಗ ಗಂಡನಿಗೂ ಪರೀಕ್ಷೆ ಬೇಕಾದೀತು. ಹಿಂದಿನ ಸಲ ಉಳಿದ ಆಂಟಿಬಯಾಟಿಕ್ ಸುಮ್ನೆ ನುಂಗಬೇಡಿ. ಮತ್ತೆ ಮತ್ತೆ ಬರುತ್ತಿದ್ದರೆ ಯೂರಿನ್ ಕಲ್ಚರ್ (ಮೂತ್ರದಲ್ಲಿ ಯಾವ ಬ್ಯಾಕ್ಟೀರಿಯಾ ಇದೆ ಎಂದು ನೋಡುವ ಪರೀಕ್ಷೆ) ಮಾಡಿಸಿ. ‘ಸೇರಿದ ಮಾರನೇ ದಿನವೇ ಶುರುವಾಗುತ್ತೆ’ ಎಂದು ಡಾಕ್ಟರಿಗೆ ಬಿಚ್ಚಿ ಹೇಳಿ. ಆ ಒಂದು ಮಾತಿನ ಮೇಲೆ ಅವರು ಕೊಡುವ ಔಷಧಿಯೇ ಬದಲಾಗಬಹುದು.