ಆರ್ಕ್ಟಿಕ್ ಕಡಲಿನ ಹಾಯಿದೋಣಿ ಪಯಣಕ್ಕೆ ಮೈಸೂರಿನಲ್ಲೇ ಸಿದ್ಧರಾಗುವುದು ಹೇಗೆ?

ಆರ್ಕ್ಟಿಕ್ ಕಡಲಿನಲ್ಲಿ ಪುಟ್ಟ ಹಾಯಿದೋಣಿ ಏರಬೇಕೆಂಬ ಆಸೆ ಇದ್ದವರು ಟಿಕೆಟ್ ಕೊಳ್ಳುವ ಮೊದಲು ನಂಬಿಕೆಗೆ ಅರ್ಹರಾದ ಸ್ಕಿಪ್ಪರ್ (ದೋಣಿಯ ನಾಯಕ) ಒಬ್ಬರನ್ನು ಹುಡುಕಿಕೊಳ್ಳಬೇಕು. ಎಷ್ಟು ದೂರ ಹೋಗಿದ್ದೀರಿ ಎಂದು ಕೇಳುವುದರ ಜೊತೆಗೆ, ಯಾವಾಗ, ಏಕೆ ಅರ್ಧದಾರಿಯಲ್ಲೇ ಹಿಂದಿರುಗಿದಿರಿ ಎಂದೂ ಕೇಳಿ. ಹಿಮ ದಾರಿಗಟ್ಟಿದ್ದನ್ನೂ ಜೊತೆಗಾರರು ದಣಿದದ್ದನ್ನೂ ಮುಚ್ಚುಮರೆಯಿಲ್ಲದೆ ಬಿಡಿಸಿ ಹೇಳುವವರ ದೋಣಿಯನ್ನೇ ನಾನು ಆರಿಸಿಕೊಳ್ಳುತ್ತೇನೆ.

ಮೊದಲ ಪಯಣಕ್ಕೆ ನಾರ್ವೆಯ ಸ್ವಾಲ್ಬಾರ್ಡ್ ದ್ವೀಪಸಮೂಹ ಸೂಕ್ತ. 78 ಡಿಗ್ರಿ ಉತ್ತರ ಅಕ್ಷಾಂಶದಲ್ಲಿರುವ ಅಲ್ಲಿನ ಮುಖ್ಯ ಊರಾದ ಲಾಂಗಿಯರ್‌ಬೈನ್‌ವರೆಗೆ ವಿಮಾನವಿದೆ. ಜುಲೈ, ಆಗಸ್ಟ್ ಅನುಕೂಲದ ತಿಂಗಳುಗಳು. ನಾರ್ವೆಯ ಮುಖ್ಯಭೂಮಿ ಒಂದೇ ವೀಸಾದಲ್ಲಿ ಓಡಾಡಬಹುದಾದ ಯುರೋಪಿನ ದೇಶಗಳ ಷೆಂಗೆನ್ ವಲಯದಲ್ಲಿದ್ದರೂ ಸ್ವಾಲ್ಬಾರ್ಡ್ ಅದರ ಹೊರಗಿದೆ. ನಾರ್ವೆಗೆ ಬಂದು, ಅಲ್ಲಿಗೆ ಹೋಗಿ, ಮತ್ತೆ ನಾರ್ವೆಗೆ ಮರಳಬೇಕಾದ್ದರಿಂದ ಎರಡು ಬಾರಿ ಪ್ರವೇಶಿಸಲು ಅವಕಾಶವಿರುವ ವೀಸಾ ಪಡೆಯಬೇಕು.

ನಿಜವಾದ ಸಿದ್ಧತೆ ಚಳಿಯದ್ದು. ಸೊನ್ನೆಯಿಂದ ಐದು ಡಿಗ್ರಿಯ ನೀರಿಗೆ ಬಿದ್ದವರಿಗೆ ಮೊದಲ ಒಂದು ನಿಮಿಷ ಉಸಿರು ಹಿಡಿತಕ್ಕೆ ಸಿಗುವುದಿಲ್ಲ, ಸುಮಾರು ಹತ್ತು ನಿಮಿಷದಲ್ಲಿ ಕೈಬೆರಳುಗಳು ಮಾತು ಕೇಳುವುದನ್ನು ಬಿಡುತ್ತವೆ. ಆದ್ದರಿಂದ ಡೆಕ್ಕಿಗೆ ಬಂದೊಡನೆ ಮೈಗೆ ಬಿಗಿದುಕೊಂಡ ಸುರಕ್ಷತಾ ಪಟ್ಟಿ, ಅಂದರೆ ಹಾರ್ನೆಸ್‌ನ ಕೊಂಡಿಯನ್ನು ದೋಣಿಗೆ ಸಿಕ್ಕಿಸಿಕೊಳ್ಳುವುದು ರೂಢಿಯಾಗಬೇಕು. ಹತ್ತಿಯ ಬಟ್ಟೆ ಒದ್ದೆಯಾದರೆ ಮೈಯ ಬಿಸಿಯನ್ನೆಲ್ಲ ಹೀರುವುದರಿಂದ, ಒಳಗಿನ ಪದರಕ್ಕೆ ಉಣ್ಣೆಯೇ ಇರಲಿ.

ಗಂಟು ಹಾಕುವುದನ್ನು ಮನೆಯಲ್ಲೇ ಕಲಿಯಬಹುದು. ಬಟ್ಟೆ ಒಣಹಾಕುವ ಹಗ್ಗದಲ್ಲಿ ಬೋಲೈನ್ ಎಂಬ ಜಾರದ ಕುಣಿಕೆಯ ಗಂಟನ್ನು ಕಣ್ಣುಮುಚ್ಚಿ ಹಾಕುತ್ತಿದ್ದ ನಾನು, ಒಂದು ದಿನ ಬಕೆಟ್ಟಿನ ಐಸ್ ನೀರಿನಲ್ಲಿ ಎರಡು ನಿಮಿಷ ಕೈಯಿಟ್ಟು ಪ್ರಯತ್ನಿಸಿದೆ. ಹಗ್ಗದ ತುದಿ ಕುಣಿಕೆಯೊಳಗೆ ನುಗ್ಗುವ ಬದಲು ಹೆಬ್ಬೆರಳಿನ ಪಕ್ಕದಿಂದ ಜಾರುತ್ತಲೇ ಇತ್ತು; ಗಂಟು ಬಿಗಿಯಾಗಿದೆಯೋ ಇಲ್ಲವೋ ಎಂಬುದು ಬೆರಳಿಗೆ ತಿಳಿಯಲೇ ಇಲ್ಲ. ಆಮೇಲೆ ಕೈಗವಸು ತೊಟ್ಟೇ ಅಭ್ಯಾಸ ಮಾಡಿದೆ. ಆಷಾಢದ ಗಾಳಿಯಲ್ಲಿ ಕನ್ನಂಬಾಡಿ ಹಿನ್ನೀರಿನ ದಡಕ್ಕೆ ಹೋಗಿ, ಗಾಳಿಯ ದಿಕ್ಕನ್ನು ಕೆನ್ನೆಯಿಂದಲೇ ಗುರುತಿಸುವುದನ್ನೂ ಕಲಿಯಿರಿ.

ದೋಣಿಯಲ್ಲಿ ಸರದಿಯ ಪ್ರಕಾರ ಹಗಲಿರುಳೂ ಕಾವಲಿರಬೇಕಾಗುತ್ತದೆ. ಸೂರ್ಯ ಮುಳುಗದ ಆ ದಿನಗಳಲ್ಲಿ ಸರದಿ ಮುಗಿದೊಡನೆ ಕಣ್ಣಿಗೆ ಪಟ್ಟಿ ಕಟ್ಟಿ ಮಲಗಿಬಿಡಬೇಕು, ಏಕೆಂದರೆ ನಿದ್ದೆಗೆಟ್ಟ ಕಣ್ಣಿಗೆ ತೇಲುವ ಹಿಮಗಡ್ಡೆ ಕಾಣುವುದು ತಡ. ನೀರಿನ ಮೇಲೆ ಒಂದು ಮೀಟರಿಗಿಂತ ಕಡಿಮೆ ತಲೆಯೆತ್ತಿರುವ ಗ್ರೌಲರ್ ಎಂಬ ಗಡ್ಡೆಗಳು ರಾಡಾರಿಗೂ ಸುಲಭವಾಗಿ ಸಿಗುವುದಿಲ್ಲ. ದೋಣಿಯ ಮೂತಿಯ ಬಳಿ ನಿಂತವರು ಕಂಡೊಡನೆ ಕೈಚಾಚಿ ದಿಕ್ಕು ತೋರಿಸಬೇಕು, ಅನುಮಾನವಿದ್ದರೂ ಕೂಗಬೇಕು.

ಹಿಮನದಿಯ ಗೋಡೆ ಯಾವ ಗಳಿಗೆಯಲ್ಲೂ ಕುಸಿದು ದೊಡ್ಡ ಅಲೆ ಎಬ್ಬಿಸಬಹುದಾದ್ದರಿಂದ ಎಷ್ಟು ದೂರದಲ್ಲಿ ನಿಲ್ಲಬೇಕೆಂಬ ತೀರ್ಮಾನ ಸ್ಕಿಪ್ಪರದ್ದು. 2025ರಿಂದ ಸ್ವಾಲ್ಬಾರ್ಡಿನಲ್ಲಿ ಹಿಮಕರಡಿಗಳಿಂದ ಕನಿಷ್ಠ 300 ಮೀಟರ್, ಮಾರ್ಚ್‌ನಿಂದ ಜೂನ್‌ವರೆಗೆ 500 ಮೀಟರ್ ದೂರವಿರುವುದು ಕಡ್ಡಾಯವಾಗಿದೆ. ಎಷ್ಟು ಹಣ ತೆತ್ತು ಬಂದಿದ್ದರೂ ಸ್ಕಿಪ್ಪರ್ ಹಿಂದಿರುಗೋಣ ಎಂದಾಗ ಚೌಕಾಸಿಗಿಳಿಯದೆ, ಹಾಯಿಯ ಹಗ್ಗಕ್ಕೆ ಕೈಹಾಕಿ.