ಭಾನುವಾರ ಸೋರದ ಸೀಲಿಂಗ್

ಬೆಂಗಳೂರಿನ ಆ ಕಚೇರಿ ಕಟ್ಟಡದ ನಿರ್ವಹಣೆ ನನ್ನ ಕೈಗೆ ಬಂದಾಗ ಅದಕ್ಕೆ ಇನ್ನೂ ವರ್ಷ ತುಂಬಿರಲಿಲ್ಲ. ಆದರೂ ಮೇಲಿನ ಮಹಡಿಯ ಫಾಲ್ಸ್ ಸೀಲಿಂಗ್ ತುಂಬ ಹಳದಿ ಕಲೆ. ದೂರು ಬಂದಾಗಲೆಲ್ಲ ಟೈಲ್ ಬದಲಿಸಿ, ಇಲ್ಲವೇ ಬಣ್ಣ ಬಳಿದು, ‘ಮುಗಿದಿದೆ’ ಎಂದು ಬರೆಯುತ್ತಿದ್ದರು. ಮಳೆಗಾಲ, ತಾರಸಿ ಸೋರುತ್ತಿದೆ ಎಂದು ನಾನೂ ನಂಬಿದ್ದೆ.

ಒಂದು ಶನಿವಾರ ತಾರಸಿಯ ಮಳೆನೀರಿನ ಕೊಳವೆಗಳ ಬಾಯಿ ಕಟ್ಟಿ ನೀರು ನಿಲ್ಲಿಸಿದೆವು. ಭಾನುವಾರ ಸಂಜೆಯವರೆಗೂ ಕೆಳಗೆ ಹನಿ ಇಳಿಯಲಿಲ್ಲ. ನಿಲ್ಲಿಸಿದ ನೀರನ್ನು ಹರಿಯಬಿಟ್ಟೆವು. ಸೋಮವಾರ ಮಧ್ಯಾಹ್ನ ಮತ್ತೆ ತೊಟ್ಟಿಕ್ಕತೊಡಗಿತು! ಅಲ್ಲಿ ಕಸ ಗುಡಿಸುವ ಅಮ್ಮ ಹೇಳಿದರು: “ಭಾನುವಾರ ಎಷ್ಟೇ ಮಳೆ ಬರಲಿ ಸರ್, ಇಲ್ಲಿ ನೆಲ ಒಣಗೇ ಇರುತ್ತದೆ.” ಭಾನುವಾರ ಓಡದಿದ್ದದ್ದು ಎ.ಸಿ. ಮಾತ್ರ.

ಹಳೆಯ ದೂರುಗಳನ್ನೆಲ್ಲ ಹರಡಿಕೊಂಡು ಕುಳಿತೆ. ಕೆಲವು ಪೇಂಟಿಂಗ್‌ನಲ್ಲಿ, ಕೆಲವು ಪ್ಲಂಬಿಂಗ್‌ನಲ್ಲಿ, ಉಳಿದವು ಎ.ಸಿ.ಯಲ್ಲಿ ದಾಖಲಾಗಿದ್ದವು. ಒಂದೊಂದನ್ನೂ ಹತ್ತಿರದ ಕಂಬದ ಸಂಖ್ಯೆ ಹಿಡಿದು ನಕ್ಷೆಯ ಮೇಲೆ ಗುರುತಿಸಿದರೆ ಎಲ್ಲವೂ ಒಂದೇ ಗೆರೆಯಲ್ಲಿ ನಿಂತವು. ಅದು ಎ.ಸಿ.ಗೆ ತಣ್ಣೀರು ಒಯ್ಯುವ ಚಿಲ್ಡ್ ವಾಟರ್ ಪೈಪ್ ಹೋಗುವ ದಾರಿ.

ಸೀಲಿಂಗ್ ಬಿಚ್ಚಿಸಿದೆವು. ಪೈಪಿನೊಳಗಿನ ನೀರು ಸುಮಾರು 7 ಡಿಗ್ರಿ. ಮಳೆಗಾಲದ ತೇವದ ಗಾಳಿ ಅದಕ್ಕೆ ತಗುಲಿದರೆ ತಣ್ಣೀರಿನ ಲೋಟದಂತೆ ಹೊರಮೈ ಬೆವರುತ್ತದೆ. ಗಾಳಿ ತಗುಲದಿರಲೆಂದೇ ಇನ್ಸುಲೇಷನ್ ಸುತ್ತುವುದು. ಪೈಪನ್ನು ಹಿಡಿದಿಡುವ ಕ್ಲ್ಯಾಂಪ್ ಕೂರುವಲ್ಲಿ ಅದರ ಭಾರ ತಡೆಯಲು ಗಟ್ಟಿಮರದ ತುಂಡು ಇರಬೇಕು. ಇಲ್ಲಿ ಅದನ್ನು ಇಡದೆ ಇನ್ಸುಲೇಷನ್ ಮೇಲೆಯೇ ಕ್ಲ್ಯಾಂಪ್ ಬಿಗಿದಿದ್ದರು. ಅದು ಅಪ್ಪಚ್ಚಿಯಾಗಿ, ಹೊರಪದರ ಹರಿದು, ಒಳಗೆಲ್ಲ ನೀರು ಕುಡಿದಿತ್ತು. ಕಣ್ಣಿಗೆ ಬೀಳದ ಜಾಗವೆಂದು ಹೀಗೆ ಕೈಬಿಟ್ಟ ಕೆಲಸ ಕಂಡರೆ ನನಗೆ ಇಂದಿಗೂ ಸಿಟ್ಟು ಬರುತ್ತದೆ.

ಎ.ಸಿ. ಗುತ್ತಿಗೆದಾರರ ದೋಷ ಹೊಣೆಗಾರಿಕೆಯ ಅವಧಿ, ಅಂದರೆ ತಮ್ಮ ಕೆಲಸದ ದೋಷವನ್ನು ಅವರೇ ತಮ್ಮ ಖರ್ಚಿನಲ್ಲಿ ಸರಿಪಡಿಸಬೇಕಾದ ಅವಧಿ, ಮುಗಿಯಲು ಎರಡು ತಿಂಗಳಷ್ಟೇ ಉಳಿದಿತ್ತು. ಅದುವರೆಗೆ “ತಾರಸಿಯವರನ್ನು ಕೇಳಿ” ಎನ್ನುತ್ತಿದ್ದವರು, ಕಂಬದ ಸಂಖ್ಯೆ, ದಿನಾಂಕ, ಫೋಟೊ ಸಹಿತ ಪತ್ರ ಹೋದ ಮೇಲೆ ಸೋರುವ ನಾಲ್ಕು ಕಡೆ ಸರಿಪಡಿಸಲು ಒಪ್ಪಿದರು. ನಾನು ಒಪ್ಪಲಿಲ್ಲ. ನಾಲ್ಕು ಕಡೆ ತಪ್ಪಿದ ಕೈ ಐದನೆಯ ಕಡೆ ಸರಿ ಮಾಡಿರುತ್ತದೆಯೇ? ಆ ಸಾಲಿನ ಪ್ರತಿ ಕ್ಲ್ಯಾಂಪ್ ಬಿಚ್ಚಿಸಿ ನೋಡಿದೆವು. ಒಂದರಲ್ಲೂ ಮರದ ತುಂಡು ಇರಲಿಲ್ಲ. ಎಲ್ಲವನ್ನೂ ಹೊಸದಾಗಿ ಮಾಡಿಸಿದೆವು.

ಈಗ ದೂರಿನ ಪುಸ್ತಕದಲ್ಲಿ ಕಂಬದ ಸಂಖ್ಯೆ, ಗಂಟೆ, ಆಗ ಮಳೆ ಇತ್ತೇ, ಎ.ಸಿ. ಓಡುತ್ತಿತ್ತೇ ಎಂಬುದನ್ನು ಬರೆಯದೆ ಬಿಡುವಂತಿಲ್ಲ. ‘ಮುಗಿದಿದೆ’ ಎಂದು ರುಜು ಹಾಕುವುದು ದೂರು ಕೊಟ್ಟವರೇ. ಆ ಸಾಲಿನ ಕಲೆಯಾದ ಟೈಲ್‌ಗಳನ್ನು ಬದಲಿಸಿದ್ದು ಎಲ್ಲಕ್ಕಿಂತ ಕೊನೆಗೆ, ಎರಡು ವಾರ ಒಣಗಿರುವುದನ್ನು ಆ ಅಮ್ಮನೂ ನಾನೂ ನೋಡಿದ ಮೇಲೆ.