ಸಕ್ಕರೆ ಡಬ್ಬಿಗೆ ತಾರೀಖು ಹಾಕಿದ ಮೇಲೆ

ಹೋದ ವರ್ಷ ನಮ್ಮ ಮನೆಯವರ ರಕ್ತ ಪರೀಕ್ಷೆಯಲ್ಲಿ ಟ್ರೈಗ್ಲಿಸರೈಡ್, ಅಂದರೆ ರಕ್ತದಲ್ಲಿರುವ ಒಂದು ಬಗೆಯ ಕೊಬ್ಬು, 268 ಬಂತು. 150ರ ಒಳಗಿರಬೇಕಿತ್ತು. ಕರಿದಿದ್ದನ್ನು ಅವರು ಅಷ್ಟಾಗಿ ತಿನ್ನುವವರಲ್ಲ. ಡಾಕ್ಟರು ಕೇಳಿದ್ದೂ ಎಣ್ಣೆ ಬಗ್ಗೆ ಅಲ್ಲ. "ಮನೆಗೆ ತಿಂಗಳಿಗೆ ಎಷ್ಟು ಸಕ್ಕರೆ ತರ್ತೀರಮ್ಮ?" ಅಂದರು. ಜಾಸ್ತಿಯಾದ ಸಕ್ಕರೆಯನ್ನು ಲಿವರ್ ಕೊಬ್ಬು ಮಾಡಿ ರಕ್ತಕ್ಕೆ ಬಿಡುತ್ತದೆ ಅಂತ ನನಗೆ ಗೊತ್ತಾಗಿದ್ದು ಅವತ್ತೇ.

ಮನೆಗೆ ಬಂದು ದಿನಸಿ ಚೀಟಿ ನೋಡಿದೆ. ಸಕ್ಕರೆ 6 ಕೆಜಿ, ಬೆಲ್ಲ 1 ಕೆಜಿ. ಐದು ಜನ, 30 ದಿನ. ತಲೆಗೆ ದಿನಕ್ಕೆ ಸುಮಾರು 47 ಗ್ರಾಂ ಬಿತ್ತು. ದಿನಕ್ಕೆ 2000 ಕ್ಯಾಲೊರಿ ತಿನ್ನುವವರಿಗೆ 50 ಗ್ರಾಂ ದಾಟಬಾರದು, 25ರ ಒಳಗಿದ್ದರೆ ಇನ್ನೂ ಒಳ್ಳೆಯದು ಅನ್ನುವುದು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಕೊಟ್ಟ ಲೆಕ್ಕ. ಬಿಸ್ಕತ್ತು, ಜಾಮ್, ಮಗನ ಹಾಲಿಗೆ ಹಾಕುವ ಪುಡಿ ಸೇರಿಸುವ ಮೊದಲೇ ನಾವು ಅಲ್ಲಿಗೆ ಬಂದಿದ್ದೆವು.

"ಬೆಲ್ಲ ಯಾಕೆ ಸೇರಿಸ್ತೀಯ? ಅದು ಒಳ್ಳೇದು ಕಣಮ್ಮ" ಅಂದರು ಅತ್ತೆ. ನಾನೂ ಹಾಗೇ ಅಂದುಕೊಂಡಿದ್ದೆ. ಆದರೆ ಬೆಲ್ಲ, ಜೇನುತುಪ್ಪ, ಹಣ್ಣಿನ ಜ್ಯೂಸ್ ಎಲ್ಲ ಇದೇ ಲೆಕ್ಕಕ್ಕೆ ಬರುತ್ತವೆ. ಇಡೀ ಹಣ್ಣು ಮತ್ತು ಹಾಲಿನಲ್ಲಿ ತಾನಾಗಿ ಇರುವ ಸಿಹಿ ಮಾತ್ರ ಬರುವುದಿಲ್ಲ.

ಮೊದಲ ವಾರ ನಾನು ತಪ್ಪು ಮಾಡಿದೆ. ಕಾಫಿಗೆ ಸಕ್ಕರೆಯನ್ನೇ ನಿಲ್ಲಿಸಿಬಿಟ್ಟೆ. ಮಾವ ಏನೂ ಅನ್ನಲಿಲ್ಲ, ಸುಮ್ನೆ ಎದ್ದು ಬೇಕರಿಗೆ ಹೋಗಿ ಟೀ ಜೊತೆ ಬನ್ ತಿಂದು ಬರತೊಡಗಿದರು. ಮನೆಯಲ್ಲಿ ಉಳಿಸಿದ್ದು ಅಲ್ಲಿ ಹೋಯಿತು.

ಆಮೇಲೆ ಚಮಚವನ್ನೇ ತೂಗಿದೆ. ಮಟ್ಟಸವಾಗಿ ತುಂಬಿದರೆ 4 ಗ್ರಾಂ. ಮಾವ ಹಾಕಿಕೊಳ್ಳುವ ಹಾಗೆ ಮೇಲೆ ಗುಡ್ಡೆ ನಿಲ್ಲಿಸಿದರೆ 7. ಎರಡು ಚಮಚ, ದಿನಕ್ಕೆ ಮೂರು ಲೋಟ ಅಂದರೆ ಅಲ್ಲೇ 42 ಗ್ರಾಂ! ಮೊದಲ ಹದಿನೈದು ದಿನ ಚಮಚದ ಲೆಕ್ಕ ಮುಟ್ಟಲಿಲ್ಲ, ಗುಡ್ಡೆ ಮಾತ್ರ ಸವರಿದೆ. ಆಮೇಲೆ ಒಂದೂವರೆ ಚಮಚ, ಮತ್ತೆ ಹದಿನೈದು ದಿನಕ್ಕೆ ಒಂದು. ಜೊತೆಗೆ ಚಿಕೋರಿ ಕಡಿಮೆ ಇರುವ ಪುಡಿ ತಂದು, ಡಿಕಾಕ್ಷನ್ ಸ್ವಲ್ಪ ತೆಳುವಾಗಿ ಇಳಿಸಿದೆ. ಕಹಿ ಕಡಿಮೆಯಾದರೆ ಸಕ್ಕರೆ ಅಷ್ಟು ಬೇಕಾಗುವುದಿಲ್ಲ, ಹಾಲಿನ ಸಿಹಿಯೇ ನಾಲಿಗೆಗೆ ಸಿಗುತ್ತದೆ. ನನಗೆ ಹೆಚ್ಚು ಉಪಯೋಗಕ್ಕೆ ಬಂದಿದ್ದು ಇದೇ.

ಮಗನ ಹಾಲಿನ ಪುಡಿಯ ಡಬ್ಬಿ ತಿರುಗಿಸಿ ಓದಿದೆ. ನೂರು ಗ್ರಾಮಿಗೆ 32 ಗ್ರಾಂ ಸೇರಿಸಿದ ಸಕ್ಕರೆ. ಮೂರರಲ್ಲಿ ಒಂದು ಪಾಲು ಸಕ್ಕರೆಯನ್ನೇ ಶಕ್ತಿ ಅಂತ ಕೊಡುತ್ತಿದ್ದೆ ನೋಡಿ, ತುಂಬಾ ಬೇಜಾರಾಯಿತು. ಅವನ ಹಲ್ಲಿಗೆ ಎರಡು ಕಡೆ ಹುಳುಕು ಬೇರೆ ಹಿಡಿದಿತ್ತು. ಈಗ ಬರೀ ಹಾಲು, ಇಲ್ಲದಿದ್ದರೆ ರಾಗಿ ಗಂಜಿಗೆ ಬಾಳೆಹಣ್ಣು ಕಿವುಚಿ ಕೊಡುತ್ತೇನೆ.

ಸಕ್ಕರೆ ಡಬ್ಬಿ ತುಂಬಿಸಿದ ದಿನ ಮುಚ್ಚಳದ ಮೇಲೆ ತಾರೀಖು ಬರೆಯುತ್ತೇನೆ. ಈಗ ತಿಂಗಳಿಗೆ ಎರಡೂವರೆ ಕೆಜಿ ಸಕ್ಕರೆ, ಅರ್ಧ ಕೆಜಿ ಬೆಲ್ಲ ಸಾಕಾಗುತ್ತಿದೆ. ತಲೆಗೆ 20 ಗ್ರಾಂ. ಯುಗಾದಿಗೆ ಒಬ್ಬಟ್ಟು ಮಾಡಿದ ತಿಂಗಳು ಜಾಸ್ತಿಯಾಯಿತು, ಆಗಲಿ ಬಿಡಿ. ಆರು ತಿಂಗಳ ಮೇಲೆ ಟ್ರೈಗ್ಲಿಸರೈಡ್ 171ಕ್ಕೆ ಇಳಿದಿತ್ತು. ಮನೆಯವರು ಬೆಳಗ್ಗೆ ನಡೆಯಲೂ ಶುರು ಮಾಡಿದ್ದರು, ಹಾಗಾಗಿ ಪೂರ್ತಿ ಸಕ್ಕರೆಯಿಂದಲೇ ಅನ್ನಲಾರೆ.

ಸಾರಿಗೆ ಹಾಕುವ ಬೆಲ್ಲದ ಚೂರನ್ನು ಮಾತ್ರ ನಾನು ಕಡಿಮೆ ಮಾಡಲಿಲ್ಲ. ತೂಗಿ ನೋಡಿದೆ, ಇಡೀ ಪಾತ್ರೆಗೆ 8 ಗ್ರಾಂ.